ಖಡಿ ಒಡೆದವರ ಮೂಲೆ

ಇಳಕಲ್ಲಿನಲ್ಲಿ ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದಾಗ ನಮ್ಮ ಇತಿಹಾಸದ ತರಗತಿಗೆ ಕಾಲೇಜಿನ ಮ್ಯೂಜಿಯಂನಲ್ಲಿ ಒಂದು ಕೋಣೆ ಸಿಕ್ಕಿತು. ಸುತ್ತಲಿನ ಗ್ರಾನೈಟ್ ಖಣಿಗಳ ಕಥೆಯನ್ನು ಅಲ್ಲಿ ತೋರಿಸಬೇಕಿತ್ತು. ಹುಡುಗರಿಗೆ ಡ್ರಿಲ್ಲು, ಕ್ರೇನು, ಕನ್ನಡಿಯಂತೆ ಹೊಳೆಯುವ ಕೆಂಪು ಕಲ್ಲುಗಳೇ ಸಾಕಾಗಿದ್ದವು. ನನಗೆ ಏನೋ ಕಡಿಮೆ ಅನಿಸುತ್ತಿತ್ತು. ಏನೆಂದು ಹೇಳಲು ಬಾರದೆ ಚಡಪಡಿಸುತ್ತಿದ್ದೆ.

"ಹಂಗಾದ್ರ ಹೋಗಿ ಹುಡುಕ್ಕೊಂಡ್ ಬರೂಣು ನಡಿ," ಎಂದು ಗೆಳತಿಯೊಬ್ಬಳು ನನ್ನನ್ನು ಎಬ್ಬಿಸಿದಳು.

ಹೋದದ್ದು ಖಣಿಯ ಪಕ್ಕದಲ್ಲೇ ಇರುವ ನನ್ನ ಅವ್ವನ ತವರೂರಿಗೆ. ಅಜ್ಜ ತೀರಿಹೋದ ಮೇಲೆ ಆ ಊರಿನ ನಂಟು ಕಡಿದಿತ್ತು. ಖಣಿಯ ಹತ್ತಿರ ಖಡಿ, ಅಂದರೆ ಜಲ್ಲಿಕಲ್ಲು, ಒಡೆಯುತ್ತಿದ್ದ ಮುದುಕಿಯೊಬ್ಬಳ ಮನೆಯ ಕಟ್ಟೆಯ ಮೇಲೆ ಕೂತೆವು. ಆಕೆ ಮೊದಲು ಕೇಳಿದ್ದು, "ಯಾರ ಮಗಳವಾ ನೀ?"

ಅವ್ವನ ಹೆಸರು ಹೇಳಿದೆ. ಆಕೆ ನಕ್ಕುಬಿಟ್ಟಳು. "ನನ್ನೇನ ಕೇಳ್ತಿ? ನಿಮ್ಮವ್ವನ್ನ ಕೇಳು. ನನ್ನ ಮಗ್ಗಲದಾಗ ಕುಂತು ಕಲ್ಲ ಒಡದಾಕಿ ಆಕಿ."

ನನ್ನ ಅವ್ವ ಅಂಗನವಾಡಿ ಟೀಚರ್. ಸೀರೆಯ ನೆರಿಗೆ ಕೆಡದಂತೆ ನಡೆಯುವವಳು. ಹೆಬ್ಬೆರಳಿನ ಉಗುರು ಸೊಟ್ಟಗಿರುವುದಕ್ಕೆ ಬಾಗಿಲಲ್ಲಿ ಸಿಕ್ಕಿತ್ತು ಎನ್ನುತ್ತಿದ್ದಳು. ಬಸ್ಸಿನಲ್ಲಿ ವಾಪಸ್ ಬರುವಾಗ ಸೀಟಿನಲ್ಲಿ ಕೂರಲಾಗದೆ ಬಾಗಿಲ ಹತ್ತಿರ ಹೋಗಿ ನಿಂತೆ.

ಮರುದಿನ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಅಡುಗೆಮನೆಗೆ ಬರುವುದು, ಹೋಗುವುದು. ಕೊನೆಗೆ ಆಕೆಯೇ ಸಿಡುಕಿದಳು. "ಏನಾಗೇತಿ ನಿನಗ?"

ಕೇಳಿದೆ. ಆಕೆ ರೊಟ್ಟಿ ಬಡಿಯುತ್ತಲೇ ಹೇಳಿದಳು.

"ಸಾಲಿ ಬಿಡಿಸಿದ್ರು. ಖಣಿಗೆ ಹೋದೆ. ನನ್ನ ವಾರಿಗಿಯಾಕಿ, ನನ್ನಷ್ಟ ವಯಸ್ಸಿನಾಕಿ ಒಬ್ಬಾಕಿ ಇದ್ಲು. ಒಂದಿನ ಆಕಿ ಕಣ್ಣಿಗೆ ಕಲ್ಲಿನ ಚೂರು ಸಿಡೀತು. ಕಣ್ಣು ಹೋತು. ನಾ ಮತ್ತ ಆ ಕಡೆ ಹಾಯಲಿಲ್ಲ. ಅತ್ತು ಕರದು ಮತ್ತ ಸಾಲಿಗೆ ಹೋದೆ." ರೊಟ್ಟಿಯನ್ನು ಹಂಚಿಗೆ ಹಾಕಿದಳು. "ನಿಮ್ಮಪ್ಪಗ ಇದೆಲ್ಲಾ ಗೊತ್ತಿಲ್ಲ. ಬರಿಯೂದಿದ್ರ ಬರಿ. ನನ್ನ ಹೆಸರ ಬ್ಯಾಡ."

ಹೆಸರಿಲ್ಲದೆಯೇ ಬರೆದೆವು. ಕೋಣೆಯ ಒಂದು ಮೂಲೆಯಲ್ಲಿ ಗೋಣಿಚೀಲ ಹಾಸಿ, ಖಡಿಯ ಗುಡ್ಡೆ ಮಾಡಿ, ಸುತ್ತಿಗೆ ಇಟ್ಟೆವು. ಆ ಹುಡುಗಿಯ ಕಣ್ಣಿನ ಸಂಗತಿಯನ್ನು ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿದೆವು. ಅವ್ವ ಬರುತ್ತಾಳೋ ಇಲ್ಲವೋ ಎಂದು ಉದ್ಘಾಟನೆಯ ದಿನ ನಾನು ಗೇಟಿಗೂ ಕೋಣೆಗೂ ಅಡ್ಡಾಡಿದ್ದೇ ಅಡ್ಡಾಡಿದ್ದು.

ಬಂದಳು. ಗೋಡೆಯ ಮೇಲಿನದನ್ನು ಓದುತ್ತಾ ಬಹಳ ಹೊತ್ತು ನಿಂತಳು. ಪಕ್ಕದಲ್ಲಿದ್ದ ಪಿಯುಸಿ ಹುಡುಗಿಯೊಬ್ಬಳು ತನ್ನ ಗೆಳತಿಗೆ, "ಹೆಣ್ಮಕ್ಕಳು ಇಂಥಾ ಕೆಲಸ ಎಲ್ಲಿ ಮಾಡ್ತಿದ್ರು, ಸುಳ್ಳ ಇದು," ಎಂದಳು.

"ಸುಳ್ಳಲ್ಲವಾ," ಎಂದಳು ಅವ್ವ. "ನಾ ಮಾಡೇನಿ."

ಇಡೀ ಕೋಣೆ ಆಕೆಯತ್ತ ತಿರುಗಿತು. ಹುಡುಗಿಯರು ಒಂದೊಂದಾಗಿ ಕೇಳಿದರು, ಅವ್ವ ನಿಂತಲ್ಲೇ ಎಲ್ಲ ಹೇಳಿದಳು.

ಆ ಸಂಜೆ ಅಪ್ಪನಿಗೂ ತಾನೇ ಹೇಳಿದಳು. ಅಪ್ಪ ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಕಣ್ಣು ಹೋದಾಕಿ ಈಗ ಎಲ್ಲಿದಾಳ?" ಎಂದು ಕೇಳಿದ.

"ಬದಾಮಿ ಕಡೆ ಕೊಟ್ರು ಅಂತ ಕೇಳಿದ್ದೆ. ಯಾವೂರೋ ಏನೋ."

ಮುಂದಿನ ರವಿವಾರ ಅವ್ವ ಬೇಗ ಎದ್ದು ಬುತ್ತಿ ಕಟ್ಟಿಕೊಂಡಳು. ಬದಾಮಿ ಬಸ್ಸಿಗೆ ನಾನೂ ಹತ್ತಿದೆ.