ಸೀಟಿನಡಿ ಮೂರು ಚುಕ್ಕಿಯಿರುವ ಕುರ್ಚಿ

ಕಳೆದ ಜೂನ್ ಹದಿನಾಲ್ಕನೆಯ ತಾರೀಕು, ಮಂಗಳವಾರ, ಜಡಿಮಳೆ ಹಿಡಿದಿದ್ದ ಬೆಳಿಗ್ಗೆ, ವಿದ್ಯುತ್ ಕಚೇರಿಯ ನೌಕರನೊಬ್ಬ ಹದಿನೇಳನೆಯ ನಂಬರಿನ ಮನೆಯ ಫ್ಯೂಸ್ ಕೀಳಬೇಕಾದವನು ಹನ್ನೊಂದನೆಯ ನಂಬರಿನದನ್ನು ಕಿತ್ತುಕೊಂಡು ಹೋದ. ತಪ್ಪು ತಿಳಿದ ಮೇಲೆ, ಹತ್ತೊಂಬತ್ತರ ಭಾನುವಾರ ಬೆಳಿಗ್ಗೆ ಬಂದು, ಬಾಗಿಲು ತಟ್ಟದೆ, ಚೀಟಿ ಅಂಟಿಸದೆ, ಅದನ್ನು ಮರಳಿ ಸಿಕ್ಕಿಸಿ ನಡೆದ. ಮನುಷ್ಯನ ಕೈ ತಪ್ಪುತ್ತದೆ, ಅದಕ್ಕೆ ಆಕ್ಷೇಪಣೆಯಿಲ್ಲ. ತಪ್ಪನ್ನು ಮುಚ್ಚಿಟ್ಟದ್ದಕ್ಕೆ ಆಕ್ಷೇಪಣೆಯಿದೆ. ಅದರ ಫಲವಾಗಿ ಈ ಊರಿನ ಯಾವುದೋ ಒಂದು ಮನೆಯಲ್ಲಿ, ಎಳೆಯ ಮಗುವೊಂದು ಇಂದೋ ನಾಳೆಯೋ ಕಳಚಲಿರುವ ಕುರ್ಚಿಯ ಮೇಲೆ ಕೂತಿರಬಹುದು. ಯಾವ ಮನೆಯೆಂದು ಯಾರಿಗೂ ತಿಳಿಯದು.

ಹನ್ನೊಂದನೆಯ ನಂಬರಿನಲ್ಲಿರುವಾಕೆಯನ್ನು ಬೀದಿಯವರೆಲ್ಲ ಕುರ್ಚಿಯಮ್ಮ ಎನ್ನುತ್ತಾರೆ. ಅರ್ಧ ಆಯುಷ್ಯವನ್ನು ಬೆಂಕಿಪೆಟ್ಟಿಗೆ ಕಾರ್ಖಾನೆಯಲ್ಲಿ ಕಡ್ಡಿ ತುಂಬುತ್ತ ಕಳೆದವಳು. ಕಾರ್ಖಾನೆಯ ಡಾಕ್ಟರ ಕೋಣೆಯ ಹೊರಗೆ ಒಂದು ಮರದ ಕುರ್ಚಿಯಿತ್ತು. ಮೊಳೆಯಿಲ್ಲ, ಅಂಟಿಲ್ಲ, ಎಷ್ಟು ವರ್ಷ ಎಷ್ಟು ಜನ ಕೂತರೂ ಕಿರ್ರೆಂದು ಸದ್ದು ಮಾಡಿದ್ದಿಲ್ಲ. ಕುರ್ಚಿಯಮ್ಮ ವಾರಕ್ಕೊಮ್ಮೆ ಅಲ್ಲಿ ಹೋಗಿ ಕೂರತೊಡಗಿದಳು.

"ನಿಮಗೆ ಏನಾಗಿದೆಯಮ್ಮಾ?" ಎಂದು ಡಾಕ್ಟರು ಕೊನೆಗೆ ಕೇಳಿಯೇಬಿಟ್ಟರು.

"ಏನೂ ಆಗಿಲ್ಲ ಡಾಕ್ಟ್ರೇ. ಸ್ವಲ್ಪ ಕೂತು ಹೋಗೋಣ ಅಂತ ಬಂದೆ."

"ಹಾಗಾದ್ರೆ ನಿಮಗೆ ಔಷಧಿ ನನ್ನ ಹತ್ರ ಇಲ್ಲ. ಇದನ್ನ ಮಾಡಿದೋರ ಹತ್ರ ಹೋಗಿ."

ಮಾಡಿದವರು ಊರಾಚೆಯ ತಗಡಿನ ಶೆಡ್ಡಿನಲ್ಲಿದ್ದ ಹಿರಿಯ ಮೇಸ್ತ್ರಿ. ಬಾಗಿದ ಬೆನ್ನು, ಹರಿತವಾದ ನಾಲಗೆ. ಮೊದಲ ದಿನ ಆಕೆಯ ಕೈಯಲ್ಲಿ ಸುತ್ತಿಗೆ ಕಂಡೊಡನೆ, "ಮೊಳೆ ಹೊಡೆಯೋ ಆಸೆ ಇದ್ರೆ ಗೋಡೆಗೆ ಹೊಡಿಯಮ್ಮಾ, ಕ್ಯಾಲೆಂಡರಾದ್ರೂ ತೂಗುತ್ತೆ" ಎಂದರು. ರಜೆಯ ದಿನಗಳಲ್ಲಿ ಹೋಗಿ ಹೋಗಿ ಅವರ ವಿದ್ಯೆಯನ್ನು ಆಕೆ ಕಲಿತಳು. ಕೆಲಸ ಬಿಟ್ಟ ಮೇಲೆ ಅದೇ ಆಕೆಯ ಬದುಕಾಯಿತು. ಮೇಸ್ತ್ರಿ ತೀರಿಕೊಂಡಾಗ ಮರ ಹೆರೆದು ನಯಮಾಡುವ ಅವರ ಕೀಸುಳಿ ಆಕೆಯ ಪಾಲಿಗೆ ಬಂತು. ತಾನು ಮಾಡಿದ ಪ್ರತಿ ಕುರ್ಚಿಯ ಸೀಟಿನಡಿ, ಕಾದ ಕಬ್ಬಿಣದಿಂದ ಮೂರು ಚುಕ್ಕಿ ಸುಡುವ ಅವರ ರೂಢಿಯನ್ನೂ ಆಕೆ ಉಳಿಸಿಕೊಂಡಳು.

ಆ ವಿದ್ಯೆಯ ಗುಟ್ಟು ಇಷ್ಟು. ಕುರ್ಚಿಯ ಕಾಲಿನ ಮರದಲ್ಲಿ ತುಸು ಹಸಿ ಉಳಿದಿರಬೇಕು. ಕಾಲುಗಳನ್ನು ಒಂದಕ್ಕೊಂದು ಹಿಡಿದಿಡುವ ಅಡ್ಡಗೂಟಗಳು ಮಾತ್ರ ಚೆನ್ನಾಗಿ ಒಣಗಿರಬೇಕು. ಕಾಲು ಒಣಗುತ್ತ ಕುಗ್ಗಿದಂತೆ ಅದರ ತೂತು ಅಡ್ಡಗೂಟವನ್ನು ಕಚ್ಚಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಅಡ್ಡಗೂಟವೂ ಹಸಿಯಾಗಿದ್ದರೆ ಅದೂ ಕುಗ್ಗುತ್ತದೆ, ಹಿಡಿತ ಸಡಿಲುತ್ತದೆ. ಆದ್ದರಿಂದ ಆಕೆ ಅಡ್ಡಗೂಟಗಳನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು, ಒಳಗೊಂದು ದೊಡ್ಡ ಬಲ್ಬು ಉರಿಸಿ, ವಾರಗಟ್ಟಲೆ ಒಣಗಿಸುವಳು. ಒಣಗಿವೆಯೇ ಎಂದು ನೋಡಲು, ಹೊರಗೆ ತೆಗೆದು ಶಾಖ ಇಳಿದ ಮೇಲೆ, ಮೇಸ್ತ್ರಿ ಮಾಡುತ್ತಿದ್ದಂತೆ ಕೆನ್ನೆಗೆ ಒತ್ತಿಕೊಳ್ಳುವಳು. ಹಸಿಮರ ಕೆನ್ನೆಗೆ ತಣ್ಣಗೆ ತಾಕುತ್ತದೆ.

ಆ ಜೂನ್‌ನಲ್ಲಿ ಪೆಟ್ಟಿಗೆಯೊಳಗೆ ಐದು ಕುರ್ಚಿಗಳ ಅಡ್ಡಗೂಟಗಳಿದ್ದವು. ಎಳೆಮಕ್ಕಳನ್ನು ಕೂರಿಸಿ ಉಣಿಸುವ ಎತ್ತರದ ಕುರ್ಚಿಗಳು. ನಾಲ್ಕು ಪಕ್ಕದ ಬೀದಿಯ ಶಿಶುವಿಹಾರಕ್ಕೆ, ಒಂದು ಸಂತೆಯಲ್ಲಿ ಮಾರಲು. ತಂಗಿಯ ಆಪರೇಷನ್ನಿಗೆಂದು ಕುರ್ಚಿಯಮ್ಮ ಪರಊರಿಗೆ ಹೋಗಿದ್ದಳು. ಬಲ್ಬು ಆರಿತು. ಐದು ದಿನ ಮಳೆಗಾಳಿಯ ತೇವವನ್ನು ಅಡ್ಡಗೂಟಗಳು ಹೀರಿಕೊಂಡವು. ಭಾನುವಾರ ಮಧ್ಯಾಹ್ನ ಆಕೆ ಬಂದಾಗ ಬಲ್ಬು ಉರಿಯುತ್ತಿತ್ತು. ಬಂದ ಅವಸರದಲ್ಲಿ ಒಂದನ್ನು ಎತ್ತಿ ಹಾಗೆಯೇ ಕೆನ್ನೆಗೊತ್ತಿಕೊಂಡಳು, ಬೆಚ್ಚಗಿತ್ತು. ಅದು ಬಲ್ಬಿನ ಶಾಖವೆಂದು ಹೊಳೆಯಲಿಲ್ಲ. ಶಿಶುವಿಹಾರದವರು ಅವಸರ ಮಾಡುತ್ತಿದ್ದರು. ಆ ಮಧ್ಯಾಹ್ನವೇ ಜೋಡಣೆಗೆ ಕೂತಳು. ಉಬ್ಬಿದ ಅಡ್ಡಗೂಟಗಳು ತೂತಿನೊಳಗೆ ಎಂದಿಗಿಂತ ಬಿಗಿಯಾಗಿ ಇಳಿದಾಗ, ಕೈ ಪಳಗಿತು ಎಂದು ಆಕೆ ಸಂತೋಷಪಟ್ಟದ್ದೂ ನಿಜ.

ನವೆಂಬರ್ ಬಂತು, ಒಣಗಾಳಿ ಬೀಸತೊಡಗಿತು. ಒಂದು ಬೆಳಿಗ್ಗೆ ಎದುರು ಅಂಗಡಿಯ ದರ್ಜಿ ಸೂಜಿಗೆ ದಾರ ಪೋಣಿಸುತ್ತ ನಗೆಯಾಡಿದ. "ಅಕ್ಕಾ, ನೀವು ಊರಲ್ಲಿ ಇಲ್ದಾಗ ಕರೆಂಟಿನವ ತಪ್ಪಿ ನಿಮ್ಮ ಫ್ಯೂಸ್ ಕಿತ್ತ, ಹದಿನೇಳರ ಮನೇಲಿ ಐದು ದಿನ ಟೀವಿ ಓಡ್ತಾನೇ ಇತ್ತು. ನಿಮಗೆ ಹೇಳೇ ಇಲ್ವಾ?"

"ಯಾವಾಗ?"

"ಅದೇ, ಮಳೆ ಜೋರಾಗಿತ್ತಲ್ಲ, ಆವಾಗ. ಭಾನುವಾರ ನೀವು ಬರೋ ಮೊದ್ಲು ಬಂದು ಹಾಕಿ ಹೋದ. ಯಾಕಕ್ಕಾ? ಎಲ್ಲಿಗೆ ಹೊರಟ್ರಿ?"

ಚಪ್ಪಲಿ ಮೆಟ್ಟುವುದನ್ನೂ ಮರೆತು ಕುರ್ಚಿಯಮ್ಮ ಶಿಶುವಿಹಾರಕ್ಕೆ ಓಡಿದಳು. ಅದು ಮಕ್ಕಳು ಉಣ್ಣುವ ಹೊತ್ತು. ನಾಲ್ಕು ಕುರ್ಚಿಗಳಲ್ಲಿ ನಾಲ್ಕು ಮಕ್ಕಳು, ಕೆಳಗೆ ಗಟ್ಟಿ ಕಲ್ಲುನೆಲ. ಒಂದು ಮಗು ಚಮಚದಿಂದ ಕುರ್ಚಿಯ ಮುಂದಿನ ಊಟದ ಹಲಗೆಯನ್ನು ಬಡಿಯುತ್ತ ಮೈಯೆಲ್ಲ ಕುಣಿಸುತ್ತಿತ್ತು.

"ಟೀಚರಮ್ಮಾ, ಮಕ್ಕಳನ್ನ ಇಳಿಸಿ. ಈಗ್ಲೇ ಇಳಿಸಿ."

"ಅಯ್ಯೋ, ಊಟ ಅರ್ಧ ಆಗಿದೆ! ಕಲ್ಲಿನ ಹಾಗಿವೆ ನಿಮ್ಮ ಕುರ್ಚಿ. ನೋಡಿ, ಅಲ್ಲಾಡುತ್ತಾ?"

ಅಲ್ಲಾಡಲಿಲ್ಲ. ಟೀಚರಮ್ಮ ನಕ್ಕಳು. ತನಗೇ ಭ್ರಮೆಯೇನೋ ಎಂದು ಕುರ್ಚಿಯಮ್ಮನಿಗೂ ಒಂದು ಗಳಿಗೆ ಅನ್ನಿಸಿತು. ಹಾಗೆಯೇ ಆಗಲಿ ಎಂದು ಆಕೆ ಮನಸ್ಸಿನಲ್ಲೇ ಬೇಡಿಕೊಂಡಳು. ಆದರೂ ಮಂಡಿಯೂರಿ ಕೂತು, ಕುಣಿಯುತ್ತಿದ್ದ ಮಗುವಿನ ಕುರ್ಚಿಯ ಕೆಳಗಿನ ಅಡ್ಡಗೂಟವನ್ನು ಹಿಡಿದು ಮೆಲ್ಲಗೆ ತಿರುವಿದಳು. ಬೀಗದೊಳಗಿನ ಕೀಲಿಯಂತೆ ಅದು ಸಲೀಸಾಗಿ ತಿರುಗಿತು.

ಟೀಚರಮ್ಮನ ನಗೆ ನಿಂತಿತು. ಇಬ್ಬರೂ ಸೇರಿ ಮಕ್ಕಳನ್ನು ಎತ್ತಿ ನೆಲಕ್ಕಿಳಿಸಿದರು. ಕೊನೆಯ ಮಗುವನ್ನು ಎತ್ತುವಾಗ ಅದರ ಕಾಲು ತಾಗಿ ಕುರ್ಚಿ ವಾಲಿತು. ಒಂದು ಅಡ್ಡಗೂಟ ಕಳಚಿಕೊಂಡು ಕಲ್ಲಿನ ಮೇಲೆ ಟಣ್ಣೆಂದು ಬಿತ್ತು. ಚೆನ್ನಾಗಿ ಒಣಗಿದ ಮರದ ಸದ್ದು. ಈಗ ಒಣಗಿತ್ತು.

ನಾಲ್ಕು ಕುರ್ಚಿಗಳು ಮನೆಗೆ ಬಂದವು. ಐದನೆಯದು? ಜುಲೈ ಸಂತೆಯಲ್ಲಿ ಅದನ್ನು ಕೊಂಡವರು ಗಂಡಹೆಂಡತಿ. ಹೆಂಡತಿ ತುಂಬು ಬಸುರಿ, ಕೊರಳಲ್ಲಿ ಹಸಿರು ಶಾಲು. "ಇನ್ನೂ ಹುಟ್ಟೇ ಇಲ್ಲ, ಆಗ್ಲೇ ಕುರ್ಚಿನಾ?" ಎಂದು ಗಂಡ ಛೇಡಿಸಿದ್ದ. "ನಿಮ್ಮ ಮಗು ಅಲ್ವಾ, ಹುಟ್ಟಿದ ಕೂಡ್ಲೇ ಊಟಕ್ಕೇ ಕೂರೋದು" ಎಂದು ಅವಳು ತಿರುಗಿಸಿ ಕೊಟ್ಟಿದ್ದಳು. ಕುರ್ಚಿಯಮ್ಮನೂ ನಕ್ಕಿದ್ದಳು. ಹೆಸರು ಕೇಳಿರಲಿಲ್ಲ, ಬೀದಿ ಕೇಳಿರಲಿಲ್ಲ.

ವಿದ್ಯುತ್ ಕಚೇರಿಯ ಬಿಲ್ಲು ಊರಿನ ಪ್ರತಿ ಮನೆಗೂ ಹೋಗುತ್ತದೆ. ಅದರ ಹಿಂಬದಿಯಲ್ಲಿ ಆ ಕುರ್ಚಿಯ ಬಗ್ಗೆ ನಾಲ್ಕು ಸಾಲು ಅಚ್ಚು ಹಾಕಿಸಿ ಎಂದು ಕೇಳಲು ಆಕೆ ಹೋದಳು.

"ನಿಮ್ಮ ಮನೆ ಲೈನ್ ಕಟ್ಟೇ ಆಗಿಲ್ಲಮ್ಮಾ" ಎಂದರು ಇಂಜಿನಿಯರು. "ನಮ್ಮ ರೆಕಾರ್ಡಿನಲ್ಲಿ ಕಟ್ ಆಗಿದ್ದು ಹದಿನೇಳು."

"ದರ್ಜಿ ಕಣ್ಣಾರೆ ನೋಡಿದಾನೆ, ಸ್ವಾಮಿ. ಬೇಕಾದ್ರೆ ತಪ್ಪು ನಂದೇ ಅಂತ ಬರೀರಿ. ಕುರ್ಚಿ ವಿಷಯ ಮಾತ್ರ ಹಾಕಿ."

"ಹಾಕಿದ್ರೆ ನಾವು ಒಪ್ಕೊಂಡ ಹಾಗಾಗುತ್ತೆ. ಅದನ್ನ ಬರಿಯೋಕಾಗಲ್ಲ. ಹೋಗಿ, ಹೋಗಿ."

ಅಂದಿನಿಂದ ಕುರ್ಚಿಯಮ್ಮ ಹೊಸ ಕುರ್ಚಿ ಮಾಡಿಲ್ಲ. ಅಡ್ಡಗೂಟವನ್ನು ಕೆನ್ನೆಗೊತ್ತಿದರೆ ಕೆನ್ನೆಯನ್ನೇ ನಂಬಲಾಗುತ್ತಿಲ್ಲ. ಪ್ರತಿ ಸಂತೆಯಲ್ಲೂ ಹಸಿರು ಶಾಲು ಹುಡುಕುತ್ತ ನಿಲ್ಲುತ್ತಾಳೆ. ಕಿಟಕಿ ತೆರೆದ ಮನೆಗಳ ಮುಂದೆ ನಡಿಗೆ ನಿಧಾನಿಸಿ ಒಳಗೆ ಕಣ್ಣು ಹಾಯಿಸುತ್ತಾಳೆ. ಕಳ್ಳಿಯೆಂದು ಒಂದಿಬ್ಬರು ಗದರಿಸಿಯೂ ಇದ್ದಾರೆ. ಎಲ್ಲಿಯೋ ಏನೋ ದಬಕ್ಕೆಂದು ಬಿದ್ದು ಮಗು ಅತ್ತರೆ, ನಿಂತಲ್ಲೇ ನಿಲ್ಲುತ್ತಾಳೆ. ಈಗ ಫೆಬ್ರವರಿ. ಆ ಮಗು ಹುಟ್ಟಿ ಆರು ತಿಂಗಳಾಗಿರಬೇಕು. ಅಂದರೆ, ಮೊದಲ ಬಾರಿಗೆ ಕುರ್ಚಿಯಲ್ಲಿ ಕೂರಿಸುವ ವಯಸ್ಸು.

ವಿದ್ಯುತ್ ಕಚೇರಿಯ ಅಧಿಕಾರಿಗಳೇ, ನಿಮ್ಮಿಂದ ಪರಿಹಾರ ಯಾರೂ ಕೇಳುತ್ತಿಲ್ಲ. ನಿಮ್ಮ ನೌಕರನಿಗೆ ಶಿಕ್ಷೆಯೂ ಬೇಡ. ಫ್ಯೂಸ್ ಕೀಳುವಾಗ ಬಾಗಿಲು ತಪ್ಪಿದ ನಿಮ್ಮ ಕಚೇರಿ, ಬಿಲ್ಲು ಕೊಡುವಾಗ ಒಂದು ಬಾಗಿಲನ್ನೂ ತಪ್ಪಿಸುವುದಿಲ್ಲ. ಈ ತಿಂಗಳ ಬಿಲ್ಲು ಇನ್ನೂ ಅಚ್ಚಾಗಿಲ್ಲ. ಅದರ ಹಿಂಬದಿಯಲ್ಲಿ, ಕನ್ನಡಕವಿಲ್ಲದವರಿಗೂ ಕಾಣುವ ಅಕ್ಷರದಲ್ಲಿ, ಹೀಗೆ ಹಾಕಿಸಿ: ಜುಲೈ ಸಂತೆಯಲ್ಲಿ ಕೊಂಡ, ಸೀಟಿನಡಿ ಮೂರು ಚುಕ್ಕಿ ಸುಟ್ಟಿರುವ ಎತ್ತರದ ಕುರ್ಚಿ ನಿಮ್ಮಲ್ಲಿದ್ದರೆ, ಮಗುವನ್ನು ಈಗಲೇ ಇಳಿಸಿ.