ಅಂಬುಜಾ ಹೇಳದ ಹೆಸರು

ಇಂಗ್ಲೆಂಡಿನ ಫೆಲ್ಥಮ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ಅಂಬುಜಾ ಒಂದು ಹಳೆಯ ಕನ್ನಡ ಚಿತ್ರವನ್ನು ಎಷ್ಟು ಸಲ ನೋಡಿದ್ದಾಳೋ ಅವಳಿಗೇ ಗೊತ್ತಿಲ್ಲ. ಬ್ರಿಟಿಷರ ಕಾಲದ ಪ್ರೇಮಕಥೆ. ದೇಸಾಯರ ವಾಡೆಯ ಮಗಳು ಬಂಡಾಯಗಾರನೊಬ್ಬನಿಗೆ ಮನಸ್ಸು ಕೊಟ್ಟು ಸಿಕ್ಕಿಬೀಳುತ್ತಾಳೆ. ಸಾಹೇಬ ಅವನ ಹೆಸರು ಕೇಳುತ್ತಾನೆ. ಅವಳು ಬಾಯಿ ಬಿಡುವುದಿಲ್ಲ. ಹಾಡಿಲ್ಲ, ಸಂಗೀತವಿಲ್ಲ, ಕ್ಯಾಮೆರಾ ಅವಳ ಮುಖ ಬಿಟ್ಟು ಕದಲುವುದಿಲ್ಲ. ಆ ಮುಖದಲ್ಲಿ ಹೆದರಿಕೆಯೂ ಹಟವೂ ಒಟ್ಟಿಗೇ ಕಾಣುತ್ತವೆ, ಅದನ್ನು ನಾನೂ ಒಪ್ಪುತ್ತೇನೆ. ಆ ದೃಶ್ಯ ಬಂದರೆ ಅಂಬುಜಾಳ ಕೈಯಲ್ಲಿ ಚಹಾ ಆರಿಹೋಗುತ್ತದೆ.

ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. "ಯಾವುದಾದ್ರೂ ಸುಳ್ಳು ಹೆಸರು ಹೇಳಿ ಪಾರಾಗಬಾರ್ದಾ ಇವಳು?" ಎಂದೆ ಒಮ್ಮೆ. ನಾನು ಮೈಸೂರಿನವಳು, ಗಂಡನನ್ನು ಹೆಸರು ಹಿಡಿದೇ ಕರೆಯುವವಳು.

"ವೈದೇಹಿ ಅಕ್ಕಾರ, ಹೆಸರು ಬಾಯಾಗ ಬಂತಂದ್ರ ಮುಗೀತ್ರಿ. ಆಕಿ ಒಳಗ ಇಟ್ಕೊಂಡಾಳ, ಅದಕ್ಕ ಅಂವ ಉಳದಾನ," ಎಂದಳು.

ಅವಳ ಬಾಳೂ ಹಾಗೇ. ವಿಜಯಪುರದ ಕಡೆಯವಳು. ಹೆಂಡತಿ ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ತಾಯಿ ಹೇಳಿಕೊಟ್ಟಿದ್ದಳು. ಮದುವೆಯಲ್ಲಿ ಶಾಸ್ತ್ರಕ್ಕೆಂದು ಒಡಪಿನ ಪದ್ಯದಲ್ಲಿ ಅವನ ಹೆಸರು ಹೇಳಿದ್ದೇ ಕೊನೆ. ಆಮೇಲೆ 'ರೀ', ಮಗಳು ಹುಟ್ಟಿದ ಮೇಲೆ 'ಸೃಷ್ಟಿ ಅಪ್ಪಾರ'. ವಿಮಾನದ ಊಟ ಕಟ್ಟುವ ಅಡುಗೆಮನೆಯಲ್ಲಿ ದಿನವಿಡೀ ಇಂಗ್ಲಿಷ್ ಮಾತಾಡುವ ಹೆಂಗಸು, ಜಿಪಿ ಡಾಕ್ಟರ ಹತ್ತಿರ ಹೋದಾಗ ಗಂಡನ ಹೆಸರು ಕೇಳಿದರೆ ನನ್ನ ಮುಖ ನೋಡುತ್ತಿದ್ದಳು. ನಾನು ಬೈದುಕೊಂಡೇ ಹೇಳುತ್ತಿದ್ದೆ.

ಈ ಫೆಬ್ರುವರಿಯಲ್ಲಿ ಅವಳ ಗಂಡ ಶರಣಬಸವ ವಿಮಾನ ನಿಲ್ದಾಣದಲ್ಲಿ ಸಾಮಾನು ಹೇರುತ್ತಿದ್ದವನು ಕುಸಿದುಬಿದ್ದ. ತಲೆಯೊಳಗೆ ರಕ್ತ ಸೋರಿತ್ತು. ಆಪರೇಷನ್ ಆಯಿತು. ಉಸಿರಾಟದ ಕೊಳವೆ ತೆಗೆದರೂ ಕಣ್ಣು ಬಿಡಲಿಲ್ಲ. ಸೃಷ್ಟಿ ಮ್ಯಾಂಚೆಸ್ಟರಿನಿಂದ ರೈಲು ಹತ್ತಿದ್ದಳು. ಮಂಚದ ಪಕ್ಕ ಇದ್ದವರು ನಾವಿಬ್ಬರೇ.

ನರ್ಸ್ ತನಗೆ ಬಂದ ಹಾಗೆ ಅವನ ಹೆಸರು ಕೂಗಿದಳು, ನಾನೂ ಕೂಗಿದೆ. ಅಂಬುಜಾ 'ರೀ' ಎಂದಳು, 'ಸೃಷ್ಟಿ ಅಪ್ಪಾರ' ಎಂದಳು. ಏನೂ ಇಲ್ಲ. "ನಿಮ್ಮ ದನಿ ಅವರಿಗೆ ಗೊತ್ತು. ನೀವೇ ಹೆಸರು ಹಿಡಿದು ಕರೆಯಿರಿ," ಎಂದಳು ನರ್ಸ್.

ಅಂಬುಜಾ ನನ್ನ ಕೈ ಹಿಡಿದಳು.

"ಇಂಥಾ ಹೊತ್ತಿನ್ಯಾಗ ಹ್ಯಾಂಗ ಕರೀಲ್ರಿ ಅಕ್ಕಾರ? ನಾ ಕರದು ಅವರಿಗೆ ಏನಾರ ಆದ್ರ?"

ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಭಯವಾಗಿತ್ತು. "ಇದು ಸಿನಿಮಾ ಅಲ್ಲ ಕಣೇ. ನೀನು ಸುಮ್ಮನಿದ್ರೆ ಇಲ್ಲಿ ಯಾರೂ ಉಳಿಯಲ್ಲ. ಕರಿ," ಎಂದೆ.

ಅವಳು ತಾಳಿ ಮುಟ್ಟಿಕೊಂಡು ಅವನ ಕಿವಿಯ ಹತ್ತಿರ ಬಾಗಿದಳು. ತುಟಿ ಅಲುಗಿತು, ಸದ್ದು ಬರಲಿಲ್ಲ. ಮತ್ತೆ ಉಸಿರೆಳೆದುಕೊಂಡು, "ಶರಣಬಸವ," ಎಂದಳು. ಆಮೇಲೆ ಇನ್ನೊಂದು ಸಲ, ಜೋರಾಗಿ. ಪಕ್ಕದ ಮಂಚದವರೂ ತಿರುಗಿ ನೋಡಿದರು. ಅವಳು ಕಣ್ಣು ಮುಚ್ಚಿಕೊಂಡು ನಿಂತಳು, ಈಗ ಏನಾಗುತ್ತದೋ ಎಂದು.

ರೆಪ್ಪೆ ಅಲುಗಿದ್ದನ್ನು ಮೊದಲು ಕಂಡದ್ದು ನಾನು. ಅವನು ನಿಧಾನವಾಗಿ ಕಣ್ಣು ಬಿಟ್ಟ, ನರ್ಸನ್ನು ನೋಡಿದ, ನನ್ನನ್ನು ನೋಡಿದ.

"ಯಾರ... ಕರದ್ರು?" ಎಂದ.

ಅಂಬುಜಾ ಕಣ್ಣು ಒರೆಸಿಕೊಂಡು ಅವನ ಹೊದಿಕೆ ಸರಿಮಾಡಿದಳು.

"ನರ್ಸಮ್ಮಾರು ಕರದಾರ್ರೀ," ಎಂದಳು.