ಇಲಿಗಳು ಬಿಟ್ಟುಹೋದ ಕೊಟ್ಟಿಗೆ

ಕುಪ್ಪುಸ್ವಾಮಿ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಮೇಸ್ತ್ರಿಯ ಮಾತಿಗಿಂತ ಇಲಿಗಳನ್ನು ನಂಬಿ ಬದುಕುಳಿದವನು. ಆಳದಲ್ಲಿ ಬಂಡೆ ಸಿಡಿಯುವ ಮೊದಲು ಇಲಿಗಳು ಓಡುತ್ತಿದ್ದವು. ಇವನೂ ಬುತ್ತಿ ಬಿಟ್ಟು ಅವುಗಳ ಹಿಂದೆ ಓಡುತ್ತಿದ್ದ. ಇಲಿಗೆ ಕಲ್ಲು ಬೀಸಿದವನ ಕೆನ್ನೆಗೆ ಬಾರಿಸಿದ್ದೂ ಉಂಟು.

ಗಣಿ ಮುಚ್ಚಿದಾಗ ಗೇಟಿನ ಮುಂದೆ ಗಂಟಲು ಹರಿದುಕೊಂಡಿದ್ದಾಯಿತು. ಏನೂ ಗಿಟ್ಟಲಿಲ್ಲ. ಬೇತಮಂಗಲದ ಹತ್ತಿರ ಹೆಂಡತಿ ಅಮ್ಮಾಜಮ್ಮನ ತವರಿನ ಜಮೀನಿಗೆ ಬಂದು ಹಸು ಕಟ್ಟಿದ. ಅರ್ಧ ಆಯಸ್ಸು ಕತ್ತಲಲ್ಲಿ ಕಳೆದವನಿಗೆ ತುಂಬೆ ಗಿಡ ಯಾವುದು, ತಂಗಡಿ ಗಿಡ ಯಾವುದು ಅಂತ ಅವಳೇ ತೋರಿಸಬೇಕಾಯಿತು. ಈಗ ಬದುವಿನ ಮೇಲೆ ಕೂತು ಮೊಲ, ಮುಂಗುಸಿ, ನವಿಲು ನೋಡುವುದೇ ಅವನ ಕೆಲಸ. ಅಮ್ಮಾಜಮ್ಮ ಅದನ್ನು ಸೋಮಾರಿತನ ಅನ್ನುತ್ತಾಳೆ.

ಆವತ್ತು ಮಧ್ಯಾಹ್ನ ಮೋಡ ಕವಿದಿತ್ತು. ಕೊಟ್ಟಿಗೆಯಿಂದ ಇಲಿಗಳು ಒಂದರ ಹಿಂದೊಂದು ಹೊರಬಿದ್ದು, ಬಯಲು ದಾಟಿ ತಂಗಡಿ ಪೊದೆಗೆ ನುಗ್ಗಿದವು. ಒಂದರ ಬಾಯಲ್ಲಿ ಮರಿಯಿತ್ತು. ಕುಪ್ಪುಸ್ವಾಮಿ ಬದುವಿನಿಂದ ಎದ್ದ. ಕೊಟ್ಟಿಗೆಯಲ್ಲಿ ತುಂಬುಗಬ್ಬದ ಹಸು. ಇವತ್ತೋ ನಾಳೆಯೋ ಈಯಬೇಕು. ಓಡಿಹೋಗಿ ಹಗ್ಗ ಬಿಚ್ಚಿ ಬಯಲಿಗೆ ಎಳೆದು ತಂದ.

“ಏನಯ್ಯಾ, ಬುದ್ಧಿಗಿದ್ಧಿ ಐತಾ? ಮಳೆ ಬರೋ ಒತ್ನಾಗೆ ಈಯೋ ಅಸೂನ ಈಚೆ ತಂದಿದ್ದೀಯಲ್ಲಾ!” ಅಮ್ಮಾಜಮ್ಮ ಮೊರ ಹಿಡಿದೇ ಬಂದಳು.

“ಇಲಿ ಓಡೋದ್ವು ಕಣೇ. ನೆಲ ಕುಸೀತದೆ.”

“ಇಲ್ಲೆಲ್ಲಿ ಸುರಂಗ ಐತೆ? ನಮ್ಮಪ್ಪ ತೋಡ್ಸಿದ್ದು ಬಾವಿ ಒಂದೇ.”

“ಇಲೀಗೆ ಗೊತ್ತಿರ್ತದೆ.”

“ಆವುಗೀವು ಒಕ್ಕಿರ್ತದೆ, ನೋಡು ಬಾ.”

ನಿಜ. ಸೂರಿನ ಗಳುವಿನ ಮೇಲೆ ಮಾರುದ್ದದ ಕೇರೆಹಾವು ಮಲಗಿತ್ತು. ಅಮ್ಮಾಜಮ್ಮ ಕೋಲಿನಿಂದ ತಿವಿದಳು. ಅದು ಗೋಡೆ ಇಳಿದು ಬೇಲಿ ಕಡೆ ಹರಿಯಿತು.

“ಓಯ್ತು ನೋಡು ನಿನ್ನ ಭೂಕಂಪ!”

“ಅದ್ಯಾಕೆ ಓಡೋಯ್ತು?”

“ನಾನು ತಿವಿದೆ, ಅದ್ಕೆ!”

ಅವಳು ನಕ್ಕಳು, ಇವನಿಗೆ ನಗು ಬರಲಿಲ್ಲ. ಗಣಿಯೊಳಗೆ ಇಲಿ ಓಡಿದರೆ ಅರ್ಥ ಒಂದೇ. ಇಲ್ಲಿ ಇಲಿಗೆ ಹಾವಿನ ಭಯ, ಹಾವಿಗೆ ಮುಂಗುಸಿಯ ಭಯ. ಒಂದೊಂದಕ್ಕೂ ಒಂದೊಂದು ತಕರಾರು. ಹಾವು ಹೋದರೂ ಇಲಿಗಳು ತಿರುಗಿ ಬರಲಿಲ್ಲ. ಆದರೆ ಅದೇ ಸೂರಿನ ಮೇಲೆ ಬೆಳವ ಹಕ್ಕಿಗಳು ನೆಮ್ಮದಿಯಾಗಿ ಕೂತಿದ್ದವು. ಯಾರ ಮಾತು ಕೇಳುವುದು?

ದಪ್ಪ ಹನಿ ಬಿತ್ತು. ಹಸು ನರಳಿತು. ಬಾಲದಡಿ ನೀರುಚೀಲ ಕಾಣಿಸಿತು.

“ಒಳಕ್ಕೆ ಇಡ್ಕೊಂಡ್ ಬಾರಯ್ಯಾ!”

ಅವನು ಒಮ್ಮೆ ಪೊದೆ ನೋಡಿದ, ಒಮ್ಮೆ ಸೂರು ನೋಡಿದ. ಹೆಜ್ಜೆ ಏಳಲಿಲ್ಲ. ಹಸು ಕಾಯಲಿಲ್ಲ. ಹಗ್ಗ ಜಗ್ಗಿಕೊಂಡು ತಾನೇ ಕೊಟ್ಟಿಗೆಗೆ ನಡೆಯಿತು. ಹಗ್ಗದ ತುದಿ ಬಿಡಲಾರದೆ ಅವನೂ ಹಿಂದೆ ಎಳೆಸಿಕೊಂಡು ಒಳಗೆ ಬಿದ್ದ.

ಕರುವಿನ ಮುಂಗಾಲು ಹೊರಬಂದವು. ಕುಪ್ಪುಸ್ವಾಮಿ ಎರಡೂ ಕೈಯಲ್ಲಿ ಹಿಡಿದು, ಹಸು ತಿಣುಕಿದಾಗಲೆಲ್ಲ ಎಳೆದ. ಕಣ್ಣು ಮಾತ್ರ ಮಣ್ಣಿನ ಗೋಡೆಯ ಮೇಲೇ ಇತ್ತು.

“ಗ್ವಾಡೆ ಏನ್ ನೋಡ್ತೀಯಾ? ತಲೆ ಬಂತು, ಎಳಿ!”

ಎಳೆದ. ಕರು ಅವನ ತೊಡೆಯ ಮೇಲೆ ಬಿತ್ತು. ಅದರ ಮೂಗು ಒರೆಸುತ್ತಲೇ ಕೇಳಿದ, “ಇಲಿ ಬಂದ್ವೇನೇ?”